ಪಟದಲ್ಲಿ ಯಾರಿರಬೇಕು?

ಮಲ್ಲಂದೂರಿನ ಸುತ್ತಮುತ್ತಲ ತೋಟಗಳಲ್ಲಿ ಈಚಿನ ವರ್ಷಗಳಲ್ಲಿ ಕಾಫಿಯದಲ್ಲದೆ ಇನ್ನೊಂದು ಕೊಯ್ಲೂ ನಡೆಯುತ್ತಿದೆ. ಅದು ಚಿತ್ರಗಳ ಕೊಯ್ಲು. ನಿಶ್ಚಿತಾರ್ಥ ಮುಗಿಸಿಕೊಂಡ ಹುಡುಗ ಹುಡುಗಿಯರು ಬೆಂಗಳೂರು, ಹಾಸನ, ಶಿವಮೊಗ್ಗಗಳಿಂದ ಛಾಯಾಗ್ರಾಹಕರ ತಂಡವನ್ನು ಕರೆದುಕೊಂಡು, ಬೆಳಗಿನ ಮಂಜು ಕರಗುವ ಮುನ್ನವೇ ಇಲ್ಲಿಗೆ ಬಂದಿಳಿಯುತ್ತಾರೆ. ಎರಡು ಕಾರು, ನಾಲ್ಕು ಜೊತೆ ಉಡುಪು, ಮುಖಾಲಂಕಾರಕ್ಕೆ ಒಬ್ಬಾಕೆ, ಬೆಳಕು ಹಿಡಿಯಲು ಇಬ್ಬರು ಹುಡುಗರು, ತಲೆಯ ಮೇಲೆ ಗುಂಯ್‌ಗುಡುವ ಒಂದು ಡ್ರೋನು. ‘ಪ್ರೀ-ವೆಡ್ಡಿಂಗ್ ಶೂಟ್’ ಎಂಬ ಇದರ ಹೆಸರು ಈಗ ಹಳ್ಳಿಯ ಅಜ್ಜಿಯರಿಗೂ ಬಾಯಿಪಾಠವಾಗಿದೆ.

ಎಳೆಯರ ಸಂತೋಷವನ್ನು ಕಂಡು ಕರುಬುವ ವಯಸ್ಸು ನನ್ನದಲ್ಲ. ಮೂರು ದಶಕಗಳ ಕಾಲ ಈ ಸೀಮೆಯ ಮಕ್ಕಳಿಗೆ ಪಾಠ ಹೇಳಿದವನಿಗೆ, ಅವರು ಬೆಳೆದು ದೊಡ್ಡವರಾಗಿ ನಗುನಗುತ್ತ ಬಾಳಿಗೆ ಕಾಲಿಡುವುದನ್ನು ನೋಡುವುದಕ್ಕಿಂತ ಹೆಚ್ಚಿನದೇನು ಬೇಕು? ನನ್ನ ತಕರಾರು ಬೇರೆ. ಛಾಯಾಗ್ರಾಹಕನೊಬ್ಬನ ಕಣ್ಣನ್ನೂ ಕೈಯನ್ನೂ ಸಮಯವನ್ನೂ ನಾವು ಹಣ ಕೊಟ್ಟು ಪಡೆಯುತ್ತೇವೆ. ಪಡೆದದ್ದನ್ನು ಯಾವುದಕ್ಕೆ ಬಳಸುತ್ತಿದ್ದೇವೆ? ನಮ್ಮದಲ್ಲದ ಬಾಳನ್ನು ನಟಿಸಿ ತೋರಿಸುವುದಕ್ಕೆ ಧಾರಾಳವಾಗಿ ಖರ್ಚು ಮಾಡುವ ನಾವು, ನಮ್ಮವರೇ ಆದವರ ಮುಖಗಳನ್ನು ಉಳಿಸಿಕೊಳ್ಳುವುದಕ್ಕೆ ಬಿಡಿಗಾಸನ್ನೂ ಬಿಚ್ಚುತ್ತಿಲ್ಲ. ಇದರಲ್ಲಿ ತಪ್ಪು ಛಾಯಾಗ್ರಾಹಕನದಲ್ಲ, ಅವನಿಗೆ ಕೆಲಸ ಹೇಳುವವರದು ಎಂಬುದು ನನ್ನ ವಾದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹತ್ತಿರದ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಹೆಸರು ಬೇಡ, ಗಿರಾಕಿಗಳನ್ನು ದೂರುವವನೆಂಬ ಅಪವಾದ ಅವನಿಗೆ ಬರಕೂಡದು. ಎಂಬತ್ತರ ದಶಕದಲ್ಲಿ ಒಬ್ಬ ಹಿರಿಯರ ಕೈಕೆಳಗೆ ದುಡಿದು ಈ ವಿದ್ಯೆಯನ್ನು ಕಲಿತವನು. ಆಗ ಅವರಲ್ಲಿದ್ದದ್ದು 120ರ ರೀಲು ಹಾಕುವ ಯಾಶಿಕಾ ಕ್ಯಾಮೆರಾ. ಚೌಕ ಚಿತ್ರಗಳು ರೀಲಿಗೆ ಹನ್ನೆರಡೇ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲು, ಕಾಗದಗಳನ್ನು ಬಳಸುತ್ತಿದ್ದರು. ಆ ಸರ್ಕಾರಿ ಕಾರ್ಖಾನೆಯೂ ಈಗ ಮುಚ್ಚಿಹೋಗಿದೆ. ಹನ್ನೆರಡೇ ಚಿತ್ರಗಳಿದ್ದುದರಿಂದ ಮುಖವನ್ನು ಸರಿಯಾಗಿ ನೋಡದೆ ಗುಂಡಿ ಒತ್ತುವಂತಿರಲಿಲ್ಲ. ಎದುರಿಗೆ ಕುಳಿತವರೊಡನೆ ಮಳೆ ಬೆಳೆಯ ಮಾತಾಡಿ, ಬಿಗಿದುಕೊಂಡ ದವಡೆ ಸಡಿಲಗೊಳ್ಳುವ ತನಕ ಕಾಯಬೇಕಾಗಿತ್ತು. ಆಮೇಲೆ ಕತ್ತಲೆ ಕೋಣೆಯ ಕೆಂಪು ದೀಪದಡಿಯಲ್ಲಿ ಕಾಗದವನ್ನು ಡೆವಲಪರಿನಲ್ಲಿ ಅದ್ದಿ, ಹೈಪೋದಲ್ಲಿ ನಿಲ್ಲಿಸಿ, ತೊಳೆದು ಒಣಗಿಸುವ ಕೆಲಸ. ನೆಗೆಟಿವಿನ ಮೇಲೆ ಚೂಪಾದ ಪೆನ್ಸಿಲಿನಿಂದ ಕಲೆಗಳನ್ನು ತಿದ್ದುವ ಕೈಚಳಕ ಎಲ್ಲರಿಗೂ ಒಲಿಯುತ್ತಿರಲಿಲ್ಲ. ಕ್ಯಾಮೆರಾ ಬದಲಾಗಿದೆ, ಕತ್ತಲೆ ಕೋಣೆ ಹೋಗಿದೆ. ಆದರೆ ಎದುರಿಗಿರುವ ಮನುಷ್ಯ ತನ್ನಂತೆ ತಾನಾಗುವ ಗಳಿಗೆಗೆ ಕಾಯುವ ಕೆಲಸ ಇಂದಿಗೂ ಅದೇ.

ಈ ಕೆಲಸಕ್ಕೆ ನಾವು ಕೊಡುವ ಬೆಲೆ ಎಂಥದು? ಒಂದು ದಿನ ಚಿತ್ರ ತೆಗೆದರೆ ಮುಂದೆ ಹತ್ತು ದಿನ ಕಂಪ್ಯೂಟರಿನ ಮುಂದೆ ಕುಳಿತು ಸಾವಿರಾರು ಚಿತ್ರಗಳಲ್ಲಿ ಒಳ್ಳೆಯದನ್ನು ಆರಿಸಿ, ಬಣ್ಣ ತಿದ್ದಿ, ಪುಟ ಜೋಡಿಸಿ, ಲ್ಯಾಬಿಗೆ ಕಳಿಸಿ ಆಲ್ಬಂ ಮಾಡಿಸಬೇಕು. ಮುಂಗಡ ಕೊಡುವಾಗ ಇರುವ ಆದರ ಬಾಕಿ ಕೊಡುವಾಗ ಇರುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? “ಒಂದು ಗುಂಡಿ ಒತ್ತೋದಕ್ಕೆ ಇಷ್ಟು ದುಡ್ಡಾ?” ಎಂದು ಕೇಳುವವರು, ಬಾಡಿಗೆಯ ಶೇರ್ವಾನಿಗೆ ಕೇಳಿದಷ್ಟು ಕೊಟ್ಟು ಬಂದಿರುತ್ತಾರೆ. ಮಲೆನಾಡಿನಲ್ಲಿ ಆಷಾಢವೂ ಮುಂಗಾರೂ ಸೇರಿ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೆಲಸವಿರುವುದಿಲ್ಲ. ಕ್ಯಾಮೆರಾಕ್ಕೆಂದು ಮಾಡಿದ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಮದುವೆ ಮನೆಯಲ್ಲಿ ಬೆಳಗಿನ ಜಾವದಿಂದ ನಿಂತೇ ಇರುವ ಅವನಿಗೆ ಎಲೆ ಹಾಕುವುದು ಕಡೆಯ ಪಂಕ್ತಿಯಲ್ಲಿ.

ಕಾನೂನು ಕೂಡ ಗಿರಾಕಿಯ ಕಡೆಗೇ ವಾಲಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ ಸರಿ. ಆದರೆ ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಹಕ್ಕುದಾರರು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರೇ ಎಂದು ಅದೇ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಹಕ್ಕು ನಮಗೆ ಬಂದ ಮೇಲೆ ಅವನಿಗೆ ಉಳಿಯುವುದು ಕೂಲಿ ಮತ್ತು ಹೆಸರು. ಆ ಕೂಲಿಯಲ್ಲೂ ಚೌಕಾಸಿ ಮಾಡುವುದು ಯಾವ ನ್ಯಾಯ?

ಹಣದ ಮಾತು ಇರಲಿ. ಅವನು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಲಕಿತು. ಜನವರಿಯ ಕೊಯ್ಲಿನ ಹೊತ್ತು. ಹೊರಗಿನಿಂದ ಬಂದ ಜೋಡಿಯೊಂದಕ್ಕಾಗಿ ಅವನನ್ನು ಒಂದು ತೋಟಕ್ಕೆ ಕರೆಸಿದ್ದರು. ಗಿಡಗಳ ಸಾಲಿನಲ್ಲಿ ಹೆಂಗಸರು ಹಣ್ಣು ಕೊಯ್ಯುತ್ತಿದ್ದರು. ಜೋಡಿಯ ಕಡೆಯವರು, “ಸ್ವಲ್ಪ ಆಚೆ ಹೋಗ್ತೀರಾ, ಫೋಟೋದಲ್ಲಿ ಬರ್ತೀರಿ” ಎಂದು ಅವರನ್ನು ಅಲ್ಲಿಂದ ಎಬ್ಬಿಸಿದರು. ಅನಂತರ ಮದುವಣಗಿತ್ತಿಯ ಬೆನ್ನಿಗೆ ಪೇಟೆಯಿಂದ ತಂದ ಒಂದು ಬೆತ್ತದ ಬುಟ್ಟಿಯನ್ನು ತೂಗುಹಾಕಿ, ಅವಳೇ ಹಣ್ಣು ಕೊಯ್ಯುತ್ತಿರುವಂತೆ ಚಿತ್ರ ತೆಗೆಯಲು ಹೇಳಿದರು. ನಮ್ಮ ಕಡೆ ಕಾಫಿ ಕೊಯ್ಯುವವರು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾರೆ. ಬೆನ್ನಿನ ಬುಟ್ಟಿ ಚಹಾ ತೋಟದ ಚಿತ್ರಗಳಿಂದ ಬಂದದ್ದು. ಆಚೆ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ.

“ಅವರು ನಕ್ಕಿದ್ದು ನೋಡಿ ನಂಗೂ ನಗು ಬಂತು ಮೇಷ್ಟ್ರೇ. ಆದ್ರೆ ಒಂದು ಗಂಟೆ ಹೊತ್ತು ಅವರು ಹಾಗೇ ನಿಂತಿದ್ರು. ಅವರದ್ದು ಕೆ.ಜಿ. ಲೆಕ್ಕದ ಕೂಲಿ” ಎಂದ.

ಈ ಮಾತನ್ನು ಓದುಗ ಮಿತ್ರರು ಇನ್ನೊಮ್ಮೆ ಯೋಚಿಸಬೇಕು. ಕೊಯ್ಲಿನ ಕಾಲದಲ್ಲಿ ಎಷ್ಟು ತೂಕದ ಹಣ್ಣೋ ಅಷ್ಟು ಕೂಲಿ. ಕೊಯ್ಯುವವಳನ್ನು ನಿಲ್ಲಿಸಿ, ಕೊಯ್ಯದವಳಿಂದ ಕೊಯ್ಯುವ ನಟನೆ ಮಾಡಿಸಿ, ಅದಕ್ಕೆ ನಾವು ‘ನೆನಪು’ ಎಂದು ಹೆಸರಿಟ್ಟೆವು. ಆ ಒಂದು ಗಂಟೆಯ ಕೂಲಿಯನ್ನು ಯಾರೂ ತುಂಬಿಕೊಡಲಿಲ್ಲ. ಆ ಹೆಂಗಸರ ಒಂದು ಚಿತ್ರವನ್ನು ತೆಗೆಯಬೇಕೆಂದೂ ಯಾರಿಗೂ ಹೊಳೆಯಲಿಲ್ಲ.

ಹೂವಿನ ಕಾಲದ ಕಥೆಯೂ ಇಂಥದೇ. ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಇಡೀ ತೋಟ ಮಲ್ಲಿಗೆಯಂತೆ ಬಿಳಿಯಾಗಿ ಅರಳುತ್ತದೆ. ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ಮುಂದಿನ ವರ್ಷದ ಫಸಲೆಲ್ಲ ಆ ದಿನಗಳಲ್ಲಿ ನಿರ್ಧಾರವಾಗುತ್ತದೆ. ರೊಬಸ್ಟಾಗಂತೂ ಗಿಡದಿಂದ ಗಿಡಕ್ಕೆ ಪರಾಗ ಸಾಗಲೇಬೇಕು. ಆದ್ದರಿಂದಲೇ ಹೂ ಅರಳಿದಾಗ ತೋಟದೊಳಗೆ ಆಳುಗಳನ್ನು ಬಿಡದ ಪದ್ಧತಿ ನಮ್ಮಲ್ಲಿದೆ. ಚಿತ್ರದವರಿಗೆ ಬೇಕಾದದ್ದು ಸರಿಯಾಗಿ ಅದೇ ಎರಡು ದಿನ!

ಹೊಸತನದ ಹಸಿವು ಎಲ್ಲಿಗೆ ಮುಟ್ಟಿದೆಯೆಂಬುದನ್ನು ಕನ್ನಡನಾಡು ಕಂಡಿದೆ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿಯ ಮುಡುಕುತೊರೆಯಲ್ಲಿ, ಕಾವೇರಿಯ ಮೇಲೆ ತೆಪ್ಪದಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದು ನೀರುಪಾಲಾಯಿತು. ಅವರ ಮದುವೆಗೆ ಕೆಲವೇ ದಿನಗಳಿದ್ದವು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಕೊಠಡಿಯೇ ಇಂಥ ಚಿತ್ರೀಕರಣದ ವೇದಿಕೆಯಾಗಿ, ವೈದ್ಯರೊಬ್ಬರು ಕೆಲಸ ಕಳೆದುಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಜನ ಮೊದಲು ಬೈಯುವುದು ಕ್ಯಾಮೆರಾ ಹಿಡಿದವನನ್ನು. “ಪಕ್ಕದ ಮನೆಯವರು ಮಾಡಿಸಿದ್ದಕ್ಕಿಂತ ಜೋರಾಗಿರಬೇಕು” ಎಂದು ಅವನ ಬೆನ್ನು ಹತ್ತಿದವರು ಯಾರು?

ಈಗ ಇನ್ನೊಂದು ಮಗ್ಗುಲನ್ನು ನೋಡೋಣ. ತಲೆಮಾರುಗಳಿಂದ ಈ ತೋಟಗಳ ಲೈನ್ ಮನೆಗಳಲ್ಲಿ ಬಾಳಿದವರ ಚಿತ್ರಗಳು ಎಲ್ಲಿವೆ? ಅವರಲ್ಲಿ ಎಷ್ಟೋ ಜನರ ಮುಖ ಮೊದಲ ಸಲ ಕ್ಯಾಮೆರಾಕ್ಕೆ ಸಿಕ್ಕಿದ್ದು, 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಜಾರಿಗೆ ತಂದ ಮೇಲೆ. ಅನಂತರ ಆಧಾರ್ ಬಂತು. ಎರಡರಲ್ಲೂ ಹೆದರಿದ ಕಣ್ಣು, ಬಿಗಿದ ತುಟಿ. ಆ ಮನೆಯ ಹಿರಿಯಳು ತೀರಿಕೊಂಡಾಗ ಮಗನೋ ಮೊಮ್ಮಗನೋ ಆ ಚೀಟಿಯನ್ನು ಹಿಡಿದುಕೊಂಡು ಸ್ಟುಡಿಯೋಗೆ ಬರುತ್ತಾನೆ. “ಇದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಿ, ಹನ್ನೊಂದನೇ ದಿನಕ್ಕೆ ಬೇಕು.” ಉಗುರಿನಷ್ಟು ಅಗಲದ ಮಸುಕು ಚಿತ್ರದಿಂದ ಗೋಡೆಯ ಪಟ ಮಾಡಬೇಕು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಇಲ್ಲದ ಕಣ್ಣನ್ನೂ ಕಾಣದ ಹುಬ್ಬನ್ನೂ ಅವು ತಾವೇ ಊಹಿಸಿ ತುಂಬುತ್ತವೆ. ಹಾಗೆ ಮಾಡಿಕೊಟ್ಟ ಒಂದು ಪಟವನ್ನು ನೋಡಿ ಒಬ್ಬ ಮಗ, “ಚೆನ್ನಾಗಿದೆ ಅಣ್ಣ, ಆದ್ರೆ ಇದು ನಮ್ಮವ್ವ ಅಲ್ಲ” ಎಂದನಂತೆ. ಎಪ್ಪತ್ತು ವರ್ಷ ಬದುಕಿದ ಒಬ್ಬ ಹೆಣ್ಣುಮಗಳ ಮುಖ ಹೀಗೆ ಲೋಕದಿಂದ ಅಳಿಸಿಹೋಯಿತು. ಅದೇ ತೋಟದಲ್ಲಿ ಆ ವರ್ಷ ಎಷ್ಟು ಸಾವಿರ ಚಿತ್ರ ತೆಗೆದಿದ್ದರೋ!

ಲೈನ್ ಮನೆಯ ಮಾತೇಕೆ? ಧಣಿಗಳ ಮನೆಯಲ್ಲೂ ಅಜ್ಜಿಯ ಒಂದು ನೆಟ್ಟಗಿನ ಚಿತ್ರ ಸಿಗುವುದಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಅವಳು ಅಕ್ಷತೆ ಹಾಕುವ ಕೈ ಮಾತ್ರ.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ಹಳೆಯ ಸ್ಟುಡಿಯೋದಲ್ಲೂ ಪರದೆಯ ಮೇಲೆ ತಾಜಮಹಲು, ಜಲಪಾತ, ಅರ್ಧಚಂದ್ರ ಬರೆದಿರುತ್ತಿದ್ದರಲ್ಲ, ಅದೂ ಸುಳ್ಳಲ್ಲವೇ ಎಂದು ಕೇಳಬಹುದು. ಸುಳ್ಳೇ. ಆದರೆ ಅದು ಪರದೆಯೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕಾಗಿ ಯಾರನ್ನೂ ಅವರ ಕೆಲಸದಿಂದ ಎಬ್ಬಿಸಬೇಕಾಗಿರಲಿಲ್ಲ. ಪರದೆ ಸುಳ್ಳಾದರೂ ಅದರ ಮುಂದಿನ ಮುಖ ನಿಜವಾಗಿತ್ತು. ಈಗ ಹಿಂದಿನ ತೋಟ ನಿಜ, ಮುಂದಿನ ಬದುಕು ಸುಳ್ಳು.

ಅವರ ದುಡ್ಡು, ಅವರ ಇಷ್ಟ ಎನ್ನಬಹುದು. ದುಡ್ಡು ಅವರದಿರಬಹುದು, ಗದ್ದೆ, ಹೊಳೆ, ಹುಲ್ಲುಗಾವಲು, ಇನ್ನೊಬ್ಬಳ ಕೂಲಿಯ ಹೊತ್ತು ಅವರದಲ್ಲ. ಹಾಗಾದರೆ ಇದನ್ನೆಲ್ಲ ನಿಷೇಧಿಸಿಬಿಡಿ ಎನ್ನುವವರೂ ಇದ್ದಾರೆ. 2019ರಲ್ಲಿ ಭೋಪಾಲದ ಕೆಲವು ಸಮುದಾಯಗಳು ಹಾಗೆಯೇ ಮಾಡಿದವು. ಅದು ನನಗೆ ಸಮ್ಮತವಲ್ಲ. ನಿಷೇಧದಿಂದ ನನ್ನ ಶಿಷ್ಯನಂಥವರ ಅನ್ನಕ್ಕೆ ಕಲ್ಲು ಬೀಳುತ್ತದೆಯೇ ಹೊರತು ನಮ್ಮ ಆಡಂಬರ ಕಡಿಮೆಯಾಗುವುದಿಲ್ಲ. ಛಾಯಾಗ್ರಾಹಕನಿಗೆ ಕೆಲಸ ತಪ್ಪಬಾರದು; ಅವನ ವಿದ್ಯೆಗೆ ತಕ್ಕ ಕೆಲಸ ಸಿಗಬೇಕು.

ದಾರಿ ತೋರಿಸಿದವರು ದೂರದವರೇನಲ್ಲ. 1966ರಲ್ಲಿ ಇದೇ ಜಿಲ್ಲೆಯ ಮೂಡಿಗೆರೆಯ ಸೀಮೆಯಲ್ಲಿ, ತಮ್ಮ ತೋಟದಲ್ಲೇ, ಪೂರ್ಣಚಂದ್ರ ತೇಜಸ್ವಿಯವರ ಸರಳ ವಿವಾಹವಾಯಿತು. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದ ಮೊದಲ ಮದುವೆ ಅದು. ಹಕ್ಕಿಯ ಒಂದು ಚಿತ್ರಕ್ಕಾಗಿ ಗಂಟೆಗಟ್ಟಲೆ ಕಾದು ಕೂರುತ್ತಿದ್ದ ತೇಜಸ್ವಿಯವರಿಗೆ ಕ್ಯಾಮೆರಾದ ಮೋಹ ನಮಗಿಂತ ಕಡಿಮೆಯಿರಲಿಲ್ಲ. ಆ ಮೋಹ ನೋಡುವುದರಲ್ಲಿತ್ತು, ತೋರಿಸಿಕೊಳ್ಳುವುದರಲ್ಲಿರಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ತಮ್ಮ ದೀರ್ಘ ಬಾಳಿನಲ್ಲಿ ಪ್ರಧಾನಿಗಳನ್ನೂ ಗಣ್ಯರನ್ನೂ ಚಿತ್ರಿಸಿದರು. ಆದರೆ ಅವರನ್ನು ನಾವು ನೆನೆಯುವುದು ಸಾಮಾನ್ಯರ, ಮಕ್ಕಳ ಚಿತ್ರಗಳಿಗಾಗಿ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡದ್ದು ಅವರು ತೆಗೆದ ಮಕ್ಕಳ ಚಿತ್ರಗಳೇ.

ಆದ್ದರಿಂದ ಮದುವೆ ಗೊತ್ತಾದ ಮನೆಗಳವರಲ್ಲಿ ನನ್ನ ಬೇಡಿಕೆ ಇಷ್ಟು. ಛಾಯಾಗ್ರಾಹಕನೊಡನೆ ಕರಾರನ್ನು ಬರೆದುಕೊಳ್ಳಿ. ಬಾಕಿಯನ್ನು ಆಲ್ಬಂ ಕೈಗೆ ಬಂದ ದಿನವೇ ಚುಕ್ತಾ ಮಾಡಿ. ತೋಟದಲ್ಲಿ ಚಿತ್ರ ತೆಗೆಸಲೇಬೇಕೆಂದರೆ ಕೊಯ್ಲಿನ ಸಾಲನ್ನು ಬಿಟ್ಟು ತೆಗೆಸಿ. ಯಾರನ್ನಾದರೂ ನಿಲ್ಲಿಸಿದರೆ ಅವರ ಹೊತ್ತಿನ ಕೂಲಿಯನ್ನು ಕೊಡಿ. ಅದೇ ದಿನ, ಅದೇ ಖರ್ಚಿನಲ್ಲಿ, ಛಾಯಾಗ್ರಾಹಕನಿಗೆ ಒಂದು ಗಂಟೆ ಹೆಚ್ಚು ಕೆಲಸ ಹೇಳಿ. ಮನೆಯ ಅಜ್ಜ ಅಜ್ಜಿಯರನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ ಒಬ್ಬೊಬ್ಬರದೂ ಒಂದೊಂದು ಚಿತ್ರ ತೆಗೆಸಿ. ತೋಟದಲ್ಲಿ ದುಡಿಯುವವರನ್ನು, ಅವರು ಒಪ್ಪಿದರೆ, ಅವರಿಗೆ ಇಷ್ಟವಾದ ಸೀರೆ ಉಟ್ಟು ಬರಹೇಳಿ, ಅವರ ಚಿತ್ರವನ್ನೂ ತೆಗೆಸಿ. ಈ ಋತುವಿಗೆ ಅಸ್ಸಾಮಿನಿಂದ ಬಂದವರಾದರೂ ಸರಿಯೇ. ಊರಿನಲ್ಲಿರುವ ಅವರ ತಾಯಿಗೂ ಮಗನ ಮುಖ ಬೇಕು. ಆ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಅವರ ಕೈಗೇ ಕೊಡಿ. ಮೊಬೈಲು ಕೆಟ್ಟರೆ ಹೋಗುವ ಚಿತ್ರದಿಂದ ಪ್ರಯೋಜನವಿಲ್ಲ.

ಇದಕ್ಕೆ ತಗಲುವ ಖರ್ಚು ಆ ಬೆತ್ತದ ಬುಟ್ಟಿಯ, ಬಾಡಿಗೆಯ ಉಡುಪಿನ ಖರ್ಚಿಗಿಂತ ಹೆಚ್ಚಾಗಲಾರದು. ನನ್ನ ಶಿಷ್ಯನನ್ನು ಕೇಳಿದ್ದೇನೆ. ಇಂಥ ಕೆಲಸಕ್ಕೆ ಅವನು ಎಂದಿನಿಂದಲೂ ಸಿದ್ಧನಿದ್ದಾನೆ. ಹೇಳುವವರು ಬರಬೇಕು.