ದೇಶ ಸುತ್ತು ಎಂದದ್ದು ಯಾರಿಗೆ?

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಬರೆಸದ ಶಾಲೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಸುಣ್ಣದ ಗೋಡೆಯ ಮೇಲೆ ನೀಲಿಯ ದಪ್ಪಕ್ಷರ, ಅದರ ಕೆಳಗೆ ಬಣ್ಣದ ಖರ್ಚು ಕೊಟ್ಟ ದಾನಿಯ ಹೆಸರು. ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ದಿನವೂ ಅದನ್ನೇ ನೋಡುತ್ತಾರೆ. ಈ ಗಾದೆಯ ಎರಡನೆಯ ಅರ್ಧ ಹೆಣ್ಣುಮಕ್ಕಳಿಗೂ ಸಲ್ಲುತ್ತದೆ ಎಂದು ಒಪ್ಪಿಕೊಳ್ಳಲು ನಮ್ಮ ಸಮಾಜಕ್ಕೆ ನೂರು ವರ್ಷಕ್ಕೂ ಮಿಕ್ಕು ಕಾಲ ಬೇಕಾಯಿತು. ಈಗ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗಲೆಲ್ಲ ‘ಬಾಲಕಿಯರದೇ ಮೇಲುಗೈ’ ಎಂಬ ತಲೆಬರಹವನ್ನು ಹೆಮ್ಮೆಯಿಂದ ಓದುತ್ತೇವೆ. ಒಳ್ಳೆಯದು. ಆದರೆ ಮೊದಲನೆಯ ಅರ್ಧದ ಗತಿ ಏನಾಯಿತು? ದೇಶ ಸುತ್ತು ಎಂದದ್ದು ಯಾರಿಗೆ?

ಈ ಪ್ರಶ್ನೆಗೆ ಉತ್ತರ 2023ರ ಜೂನ್ 11ರ ನಂತರ ಬೀದಿಬೀದಿಯಲ್ಲಿ ಕೇಳಿಬಂತು. ಅಂದು ಕರ್ನಾಟಕ ಸರ್ಕಾರ ‘ಶಕ್ತಿ’ ಯೋಜನೆಯನ್ನು ಆರಂಭಿಸಿತು. ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಹಣ ಕೊಡದೆ ಓಡಾಡಬಹುದಾಯಿತು. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಡುತ್ತಾರೆ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಇದರಲ್ಲಿ ಬಹುಪಾಲು ಕೂಲಿಗೆ, ಗಾರ್ಮೆಂಟಿಗೆ, ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಹೋದ ಹೆಜ್ಜೆಗಳೇ ಎಂಬುದನ್ನು ಬೆಳಗಿನ ಬಸ್ಸು ಹತ್ತಿದ ಯಾರೂ ಬಲ್ಲರು. ಆದರೆ ಚಹಾದಂಗಡಿಯ ಪಂಡಿತರ ಕಣ್ಣಿಗೆ ಬಿದ್ದದ್ದು ಒಂದೇ: ಶನಿವಾರ, ಭಾನುವಾರ ಧರ್ಮಸ್ಥಳ, ಕುಕ್ಕೆ, ಸವದತ್ತಿಯ ಬಸ್ಸುಗಳಲ್ಲಿ ತುಂಬಿಕೊಂಡ ಹೆಂಗಸರು. ‘ಮನೆಯಲ್ಲಿ ಕೆಲಸವಿಲ್ಲ, ಬೊಗಸೆಯಲ್ಲಿ ಕಾಸಿಲ್ಲ, ಸುಮ್ಮನೆ ಊರೂರು ತಿರುಗುತ್ತಾವೆ’ ಎಂದು ನಕ್ಕದ್ದೇ ನಕ್ಕದ್ದು. ವಿದ್ಯಾವಂತರೂ ನಕ್ಕರು. ನಮ್ಮ ಸ್ಟಾಫ್ ರೂಮಿನಲ್ಲಿ ಹೆಂಗಸರೂ ನಕ್ಕರು.

ಆ ‘ಸುಮ್ಮನೆ’ ಎಂಬ ಶಬ್ದದ ಮೇಲೆಯೇ ನನ್ನ ತಕರಾರು. ಗಂಡಸು ಸುಮ್ಮನೆ ತಿರುಗಿದರೆ ಅದು ಅನುಭವ. ಸರ್ಕಾರಿ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ ಎಂಬ ಸೌಲಭ್ಯ ಬಹಳ ಕಾಲದಿಂದ ಇದೆ. ಅದು ಯಾವ ಕೆಲಸಕ್ಕೆ? ಯಾವ ಕೆಲಸಕ್ಕೂ ಅಲ್ಲ, ಊರು ನೋಡಿ ಬರುವುದಕ್ಕೆ. ಕಾಶ್ಮೀರದಲ್ಲಿ ಕುದುರೆ ಹತ್ತಿ ಫೋಟೋ ತೆಗೆಸಿಕೊಂಡು ಬಂದ ಗುಮಾಸ್ತರನ್ನು ‘ಬೊಕ್ಕಸದ ಹಣದಲ್ಲಿ ಸುಮ್ಮನೆ ತಿರುಗಿದ’ ಎಂದು ಯಾರೂ ಹಂಗಿಸಲಿಲ್ಲ. ಜನಪ್ರತಿನಿಧಿಗಳು ಪರದೇಶಕ್ಕೆ ಹೋದರೆ ಅದಕ್ಕೆ ಅಧ್ಯಯನ ಪ್ರವಾಸ ಎಂಬ ಗೌರವದ ಹೆಸರೇ ಇದೆ. ಬ್ಯಾಡಗಿಯ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು ತನ್ನ ಜೀವಮಾನದಲ್ಲಿ ಒಮ್ಮೆ ನೂರೈವತ್ತು ಮೈಲಿ ಹೋಗಿ ಬಂದರೆ ಮಾತ್ರ ರಾಜ್ಯದ ಬೊಕ್ಕಸ ಬರಿದಾಗುತ್ತದೆಯೇ?

ಯೋಜನೆಯಲ್ಲಿ ಕೊರತೆಯಿಲ್ಲ ಎಂದು ನಾನು ವಾದಿಸುವುದಿಲ್ಲ. ಬಸ್ಸು ಸಾಲದು, ನಮ್ಮ ಮಕ್ಕಳು ಫುಟ್‌ಬೋರ್ಡಿನ ಮೇಲೆ ನಿಂತು ಶಾಲೆಗೆ ಬರುವುದನ್ನು ಕಂಡವಳು ನಾನು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿದಾಗ ಟಿಕೇಟು ಕೊಳ್ಳುವ ಗಂಡಸರು ಗೊಣಗಿದ್ದರಲ್ಲಿ ನ್ಯಾಯವೂ ಇತ್ತು. ಆದರೆ ಬಸ್ಸು ಸಾಲದಿದ್ದರೆ ಬಸ್ಸು ಕೇಳಬೇಕು, ಹೆಂಗಸಿನ ಹಂಬಲವನ್ನು ಲೇವಡಿ ಮಾಡಬೇಕಾಗಿಲ್ಲ. ರೇಷನ್ ಅಂಗಡಿಯಲ್ಲಿ ಸಾಲು ಉದ್ದವಾಯಿತೆಂದು ಹಸಿವನ್ನು ಯಾರಾದರೂ ಬೈಯುತ್ತಾರೆಯೇ?

ಹೆಣ್ಣು ಊರು ಬಿಟ್ಟು ಹೊರಡಬೇಕಾದರೆ ನಮ್ಮಲ್ಲಿ ಒಂದು ಕಾರಣ ಬೇಕು. ಲಗ್ನ, ಸೀಮಂತ, ಬಾಣಂತನ, ಮಣ್ಣು, ಹರಕೆ. ಈ ಐದರಲ್ಲಿ ಒಂದಿದ್ದರೆ ಎಲ್ಲಿಗಾದರೂ ಕಳಿಸುತ್ತಾರೆ, ಅಮೆರಿಕೆಗೂ ಕಳಿಸುತ್ತಾರೆ. ಇಲ್ಲದಿದ್ದರೆ ಪಕ್ಕದ ತಾಲ್ಲೂಕಿಗೂ ಇಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ಅರವತ್ತೈದು ದಾಟಿದ ಹೆಂಗಸೊಬ್ಬಳು ಕುಳಿತಿದ್ದಳು. ಮಡಿಲಲ್ಲಿ ಬುತ್ತಿಯ ಗಂಟು, ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗಳು. ಮುಂದಿನ ಸೀಟಿನ ಹಿರಿಯರು ತಿರುಗಿ ಕೇಳಿದರು: “ಗೋಕರ್ಣಕ್ಕ ಹೊಂಟೀಯೇನವಾ?”

“ಇಲ್ರೀ ಯಪ್ಪಾ, ಸಮುದ್ರ ನೋಡಾಕ ಹೊಂಟೀನಿ.”

“ಅಷ್ಟಕ್ಕ?”

“ಹೂಂನ್ರಿ, ಅಷ್ಟಕ್ಕ.”

ಅವರು ನಕ್ಕು ಮುಂದೆ ತಿರುಗಿದರು. ಆಕೆ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು: “ಆಚಿ ದಂಡಿ ಕಾಣಂಗಿಲ್ಲ ಅಂತಾರಲ್ರೀ ಅಕ್ಕಾರ, ಖರೇನs?” ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರೆಗೂ ಆಕೆ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಅಷ್ಟು ಮರಗಳನ್ನು ಒಟ್ಟಿಗೆ ಆಕೆ ಹಿಂದೆ ಕಂಡಿರಲಿಲ್ಲ. ಭೂಗೋಳದ ಪಾಠದಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಎಂದು ನಾವು ನಕಾಶೆಯ ಮೇಲೆ ಕಡ್ಡಿ ಇಟ್ಟು ತೋರಿಸುತ್ತೇವಲ್ಲ, ಆ ಮೂರನ್ನೂ ಆಕೆ ಒಂದೇ ಹೊತ್ತಿನಲ್ಲಿ ಓದಿ ಮುಗಿಸಿದಳು. ಇದು ‘ಅಷ್ಟಕ್ಕ’ ಎನಿಸುವುದಾದರೆ ನಮ್ಮ ಪಾಠಗಳೂ ಅಷ್ಟಕ್ಕೇ.

ಹೋಗುವುದರ ಕಥೆ ಹೀಗಾದರೆ, ಹೋಗಿ ಬಂದ ಮೇಲಿನ ಕಥೆ ಇನ್ನೂ ವಿಚಿತ್ರ. ಮಗಳ ಬಾಣಂತನಕ್ಕೆಂದು ದಂಪತಿಗಳು ಅಮೆರಿಕೆಗೆ ಹೋಗುತ್ತಾರೆ. ಆರು ತಿಂಗಳು ಕಳೆದು ಮರಳುತ್ತಾರೆ. ಗಂಡನಿಗೆ ಊರಿನ ಸಂಘದಲ್ಲಿ ಭಾಷಣ, ಶಾಲು, ಹಾರ. ಅಲ್ಲಿಯ ರಸ್ತೆಗಳ ಬಗ್ಗೆ, ಶಿಸ್ತಿನ ಬಗ್ಗೆ, ಪತ್ರಿಕೆಯಲ್ಲಿ ಮೂರು ಕಂತಿನ ಲೇಖನ. ಹೆಂಡತಿಯನ್ನು ಕೇಳುವ ಪ್ರಶ್ನೆ ಎರಡೇ: ಮೊಮ್ಮಗು ಯಾರನ್ನು ಹೋಲುತ್ತದೆ? ಏನೇನು ತಂದಿರಿ? ಮೊದಲ ಹಿಮ ಬಿದ್ದ ರಾತ್ರಿ ಆಕೆ ಒಬ್ಬಳೇ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಏನು ನೆನೆದಳು, ಭಾಷೆ ಬಾರದ ಪಕ್ಕದ ಮನೆಯ ಮುದುಕಿಯೊಡನೆ ಕೈಸನ್ನೆಯಲ್ಲಿ ಹೇಗೆ ಸ್ನೇಹ ಬೆಳೆಸಿದಳು ಎಂದು ಕೇಳುವವರಿಲ್ಲ. ಕೇಳುವವರಿಲ್ಲದ ನೆನಪು ಟ್ರಂಕಿನ ತಳದ ರೇಷ್ಮೆ ಸೀರೆಯಂತೆ ಮಡಿಕೆಯಲ್ಲೇ ಸೀಳುತ್ತದೆ.

ಪ್ರವಾಸ ಕಥನದ ವಿಷಯದಲ್ಲಿ ಕನ್ನಡ ಬಡಭಾಷೆಯಲ್ಲ. ಶಿವರಾಮ ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ನಮ್ಮಲ್ಲಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಗೊರೂರರ ಪುಸ್ತಕಕ್ಕಿಂತ ತೊಂಬತ್ತು ವರ್ಷ ಹಿಂದೆ, 1889ರಲ್ಲಿ, ನಮ್ಮ ನೆಲದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಅಮೆರಿಕೆಯ ಬಗ್ಗೆ ಪುಸ್ತಕ ಪ್ರಕಟಿಸಿದ್ದಳು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಕೆ ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಕೋಪಕ್ಕೆ ಗುರಿಯಾದ ಅನಂತಶಾಸ್ತ್ರಿ ಡೋಂಗ್ರೆ ಆಕೆಯ ತಂದೆ. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟುಕೊಂಡು ಆ ಸಂಸಾರ ಘಟ್ಟ ಇಳಿಯಿತು. ಮುಂದೆ ವರ್ಷಾನುಗಟ್ಟಲೆ ಕಾಲ್ನಡಿಗೆ, ಪುರಾಣ ಹೇಳಿ ಬದುಕುವ ತಿರುಗಾಟ. ಕ್ಷಾಮದಲ್ಲಿ ತಂದೆತಾಯಿ ತೀರಿಕೊಂಡ ಮೇಲೂ ಅಣ್ಣನೊಂದಿಗೆ ನಡೆದು 1878ರಲ್ಲಿ ಕಲ್ಕತ್ತೆ ಸೇರಿದಳು. ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’ ಎಂದರು. 1883ರಲ್ಲಿ ಇಂಗ್ಲೆಂಡಿಗೆ, 1886ರಲ್ಲಿ ಅಮೆರಿಕೆಗೆ ಹೋದಳು. ಮರಳಿ ಬಂದು ಅಲ್ಲಿಯ ಜನ, ಆಡಳಿತ, ಹೆಂಗಸರ ಸ್ಥಿತಿಗತಿ ಕುರಿತು ಬರೆದದ್ದು ಮರಾಠಿಯಲ್ಲಿ. ಬಾಲವಿಧವೆಯರಿಗೆ ಶಾಲೆ ತೆರೆಯುವ ಧೈರ್ಯಕ್ಕೆ ಆ ತಿರುಗಾಟದ ಕಾಣ್ಕೆಯೂ ಇಂಬು ಕೊಟ್ಟಿತು ಎಂದು ನಾನು ನಂಬುತ್ತೇನೆ. ಇದು ‘ಸುಮ್ಮನೆ’ ತಿರುಗಿದ್ದೇ?

ಇನ್ನೊಂದು ವರ್ಗದವರಿದ್ದಾರೆ. ಅವರು ಸುಶಿಕ್ಷಿತರು, ಮೃದುವಾಗಿ ಮಾತಾಡುವವರು. ‘ಹೆಂಗಸರು ಹೋಗಲಿ ಬಿಡಿ, ಆದರೆ ಬರೀ ಗುಡಿ ಗುಂಡಾರಕ್ಕೆ ಹೋಗುತ್ತಾರಲ್ಲ, ಅದೆಂಥ ಪ್ರವಾಸ’ ಎನ್ನುತ್ತಾರೆ. ಇವರಿಗೆ ಇತಿಹಾಸ ಗೊತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳು. ಆಕೆಯನ್ನೂ ಅಂದಿನವರು ತಡೆದು, ಯಾಕೆ, ಎಲ್ಲಿಗೆ ಎಂದು ಪ್ರಶ್ನಿಸಿದರು. ಇಂದಿಗೂ ಯುಗಾದಿಯ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಅವರಲ್ಲಿ ಹೆಂಗಸರೂ ಉಂಟು. ಕಾಲಿನ ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ನಲ್ಲಮಲೆಯ ಕಾಡು ದಾಟಿ, ತೆಲುಗು ಮಾತಿನ ಊರುಗಳಲ್ಲಿ ಮಲಗೆದ್ದು ಬಂದವಳಿಗೆ ನಾಡಿನ ಅಗಲ ಎಷ್ಟೆಂದು ಪಾದಕ್ಕೇ ಗೊತ್ತಿರುತ್ತದೆ. ದೇವರ ಹೆಸರು ಹೇಳದಿದ್ದರೆ ಮನೆಯ ಹೊಸ್ತಿಲು ದಾಟಲು ಬಿಡದವರೇ, ಆಕೆ ಬರೀ ದೇವರಿಗೆ ಹೋಗುತ್ತಾಳೆಂದು ಮೂಗು ಮುರಿಯುವುದು ಯಾವ ನ್ಯಾಯ?

ಹೇಳಿಕೊಳ್ಳುವುದಕ್ಕೆ ನಾನು ಯಾಕೆ ಇಷ್ಟು ಮಹತ್ವ ಕೊಡುತ್ತೇನೆಂದರೆ, ಅದರ ಫಲವನ್ನು ತರಗತಿಯಲ್ಲಿ ಕಾಣುತ್ತೇನೆ. ಎಂಟನೆಯ ತರಗತಿಗೆ ‘ನಾನು ನೋಡಬೇಕೆಂದಿರುವ ಊರು’ ಎಂಬ ಪ್ರಬಂಧ ಕೊಡುವುದು ನನ್ನ ವಾಡಿಕೆ. ಹುಡುಗರು ಮುಂಬಯಿ, ದುಬೈ, ಲಂಡನ್ನು, ಚಂದ್ರಲೋಕ ಎಂದು ಬರೆಯುತ್ತಾರೆ. ಹುಡುಗಿಯರಲ್ಲಿ ಎಷ್ಟೋ ಮಂದಿ ಅಜ್ಜಿಯ ಊರು, ಅತ್ತೆಯ ಊರು ಎಂದು ಬರೆದು ಸುಮ್ಮನಾಗುತ್ತಾರೆ. ಒಂದು ವರ್ಷ ಒಬ್ಬಳು, ನಮ್ಮೂರ ಹೊಲದಾಚೆ ಹೋಗುವ ರೈಲು ಕೊನೆಗೆ ಎಲ್ಲಿ ನಿಲ್ಲುತ್ತದೆಯೋ ಆ ಊರು ಎಂದು ಬರೆದಿದ್ದಳು. ಆಸೆ ಇತ್ತು, ಊರಿನ ಹೆಸರು ಗೊತ್ತಿರಲಿಲ್ಲ. ಕನಸಿಗೂ ಹೆಸರುಗಳು ಬೇಕು. ಆ ಹೆಸರುಗಳನ್ನು ಹೋಗಿ ಬಂದವರು ಮನೆಯಲ್ಲಿ ಕುಳಿತು ಹೇಳಬೇಕು. ಗಂಡುಮಗ ಅಪ್ಪನ, ಚಿಕ್ಕಪ್ಪನ, ಲಾರಿ ಓಡಿಸುವ ಮಾವನ ಬಾಯಿಂದ ಕೇಳುತ್ತಾನೆ, ತಾನೂ ಒಂದು ದಿನ ಹೋಗುವೆನೆಂದು ನಂಬುತ್ತಾನೆ. ಅಮ್ಮ ಏನನ್ನೂ ಹೇಳದ ಮನೆಯಲ್ಲಿ ಹೆಣ್ಣುಮಗು ತನ್ನನ್ನು ಎಲ್ಲಿ ಕಂಡುಕೊಳ್ಳಬೇಕು? ಶಾಲೆಯ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಹುಡುಗರ ಮನೆಯಿಂದ ಬರುವ ತಡೆ ದುಡ್ಡಿನದು. ಹುಡುಗಿಯರ ಮನೆಯಿಂದ ದುಡ್ಡಿನ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ‘ನಾಳೆ ಗಂಡನ ಜೋಡಿ ನೋಡ್ತಾಳ ಬಿಡ್ರಿ ಟೀಚರ್.’

ಭದ್ರತೆಯ ಮಾತನ್ನು ಎತ್ತುವವರಿಗೂ ಉತ್ತರ ಹೇಳಬೇಕು. ಭಯ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಹೆಣ್ಣನ್ನು ಮನೆಯಲ್ಲಿ ಕೂರಿಸುವುದೇ? ಬಸ್ ನಿಲ್ದಾಣದಲ್ಲಿ ಶುಚಿಯಾದ, ಬಾಗಿಲಿಗೆ ಚಿಲಕವಿರುವ ಶೌಚಾಲಯ ಬೇಕು. ಅದಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರು ಕುಡಿಯದೆ ಪ್ರಯಾಣ ಮಾಡುವ ಹೆಂಗಸರನ್ನು ನಾನು ಪ್ರತಿ ಸಲವೂ ಕಾಣುತ್ತೇನೆ. ರಾತ್ರಿಯ ಕೊನೆಯ ಬಸ್ಸು ಹೇಳಿದ ಹೊತ್ತಿಗೆ ಬರಬೇಕು. ನಿಲ್ದಾಣದ ದೀಪ ಉರಿಯಬೇಕು. ಹೆಂಗಸರು ಹೆಚ್ಚು ಓಡಾಡಿದಷ್ಟೂ ಹಾದಿ ಹೆಂಗಸರಿಗೆ ಹಸನಾಗುತ್ತದೆ. ಯಾರೂ ತುಳಿಯದ ದಾರಿಯಲ್ಲಿ ಮುಳ್ಳೇ ಬೆಳೆಯುವುದು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಹೋದಲ್ಲೆಲ್ಲ ಫೋಟೋ ತೆಗೆದು ಕಳಿಸುತ್ತಾರೆ, ಹೇಳಿಕೊಳ್ಳುವುದಕ್ಕೆ ಇನ್ನೇನು ಉಳಿದಿದೆ ಎನ್ನಬಹುದು. ಫೋಟೋ ನೋಡಿದವರು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾರೆ. ಎದುರಿಗೆ ಕುಳಿತು ‘ಆಮೇಲೆ ಏನಾಯಿತು’ ಎಂದು ಕೇಳುವವರು ಬೇಕು.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಊರೂರಲ್ಲಿ ಹೆಂಗಸರ ಸ್ವಸಹಾಯ ಸಂಘಗಳಿವೆ. ವಾರದ ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಕಾಲು ಗಂಟೆ, ಒಬ್ಬಾಕೆ ತಾನು ನೋಡಿ ಬಂದ ಊರಿನ ಸಂಗತಿ ಹೇಳಲಿ. ಇನ್ನೊಬ್ಬಾಕೆ ತಾನು ನೋಡಬೇಕೆಂದಿರುವ ಊರಿನ ಹೆಸರು ಹೇಳಲಿ. ಉಳಿತಾಯದಲ್ಲಿ ಬಳೆಗೆ, ಬೀಜಕ್ಕೆ, ಮಗಳ ಲಗ್ನಕ್ಕೆ ಸಾಲವಿದ್ದಂತೆ ಪ್ರವಾಸಕ್ಕೂ ಒಂದು ಬಾಬತ್ತು ಇರಲಿ. ಶಾಲೆಗಳಲ್ಲಿ ಸ್ವಾತಂತ್ರ್ಯ ದಿನಕ್ಕೆ ಗಣ್ಯರನ್ನು ಕರೆಸುತ್ತೇವಲ್ಲ, ಒಂದು ವರ್ಷ ಮಗುವಿನ ಅಜ್ಜಿಯನ್ನು ಕರೆಸಿ ಶ್ರೀಶೈಲದ ಹಾದಿಯ ಕಥೆ ಹೇಳಿಸೋಣ. ಓದುವವರಿಗೂ ಒಂದು ಕೆಲಸ ಹಚ್ಚುತ್ತೇನೆ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ತಾಯಿಯನ್ನೋ, ಹೆಂಡತಿಯನ್ನೋ, ಅತ್ತೆಯನ್ನೋ ‘ನಿನಗೆ ಯಾವ ಊರು ನೋಡಬೇಕೆಂದು ಆಸೆ’ ಎಂದು ಕೇಳಿ. ‘ನನಗೆಂಥ ಆಸೆ’ ಎಂಬ ಮೊದಲ ಉತ್ತರವನ್ನು ನಂಬಬೇಡಿ, ಇನ್ನೊಮ್ಮೆ ಕೇಳಿ. ಆಕೆ ಹೇಳಿದ ಊರು ಎಷ್ಟು ದೂರ, ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ. ಹೊರಟು ನಿಂತಾಗ ‘ಯಾಕೆ’ ಎಂದು ಮಾತ್ರ ಕೇಳಬೇಡಿ. ಗೋಡೆಯ ಮೇಲಿನ ಗಾದೆ ಯಾರಿಗೂ ಯಾಕೆಂದು ಕೇಳಿಲ್ಲ.