ಬಾಡಿಗೆಯ ಮನೆಯೂ ಹದಿನೈದು ದಿನಗಳ ನೋಟೀಸೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಬಾಡಿಗೆಯ ಮನೆ ಹಿಡಿದು ನೋಡು ಎಂಬ ಮಾತನ್ನೂ ಇಂದು ಅದಕ್ಕೆ ಸೇರಿಸಬೇಕಾಗಿದೆ. ನಗರಗಳಲ್ಲಿ ಮನೆ ದೊರೆಯುವದು ಕಷ್ಟ; ದೊರೆತ ಮನೆಯಲ್ಲಿ ನೆಲೆ ನಿಲ್ಲುವದು ಇನ್ನೂ ಕಷ್ಟ. ಶಾಲೆಯ ವರ್ಷ ಅರ್ಧಕ್ಕೆ ಬಂದಿರುವಾಗ ಮನೆ ಬಿಡಬೇಕೆಂಬ ನೋಟೀಸು ಕೈಸೇರಿದ ಗೃಹಸ್ಥನು ವಕೀಲರಲ್ಲಿಗೆ ಓಡಿಬಂದು, “ಕಾಯದೆಯ ಆಸರೆ ನಮಗಿಲ್ಲವೇ?” ಎಂದು ಕೇಳುವನು. ಇದೆಯೆಂದೇ ಬಹುಜನರ ನಂಬಿಕೆ. ಆ ನಂಬಿಕೆ ಎಷ್ಟು ನಿಜವೆಂಬುದನ್ನು ವಾಚಕರು ತಿಳಿದಿರುವದು ಅವಶ್ಯ.

ಕನ್ನಡ ನಾಡು ಹರಿದು ಹಂಚಿಹೋಗಿದ್ದಾಗ ಬಾಡಿಗೆದಾರನ ಹಕ್ಕೂ ಹಾಗೆಯೇ ಹಂಚಿಹೋಗಿದ್ದಿತು. ಧಾರವಾಡದವನಿಗೆ 1947ರ ಮುಂಬಯಿ ಕಾಯದೆ, ಮಂಗಳೂರಿನವನಿಗೆ 1949ರ ಮದರಾಸು ಕಾಯದೆ, ಮೈಸೂರಿನವನಿಗೆ 1951ರ ಮೈಸೂರು ಕಾಯದೆ, ಕಲಬುರ್ಗಿಯವನಿಗೆ 1954ರ ಹೈದರಾಬಾದು ಕಾಯದೆ. 1956ರಲ್ಲಿ ನಾಡು ಒಂದಾಯಿತು. 1961ರಲ್ಲಿ ಬಾಡಿಗೆಯ ಕಾಯದೆಯೂ ಒಂದಾಯಿತು. ಏಕೀಕರಣದ ಫಲವು ಬಡವನ ಹೊಸ್ತಿಲನ್ನು ಮುಟ್ಟಿದ್ದಕ್ಕೆ ಇದೊಂದು ನಿದರ್ಶನ. ಬಾಡಿಗೆಯ ಬಾಕಿ, ಒಳಬಾಡಿಗೆ, ಮಾಲಕನ ನಿಜವಾದ ಸ್ವಂತ ಅಗತ್ಯ, ಇಂಥ ಒಂದು ಕಾರಣವನ್ನು ಕೋರ್ಟಿನಲ್ಲಿ ಸಿದ್ಧಪಡಿಸದೆ ಬಾಡಿಗೆದಾರನನ್ನು ಎಬ್ಬಿಸಬಾರದೆಂಬುದೇ ಅದರ ತಿರುಳು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕಾಯದೆಯೂ ಈ ತಿರುಳನ್ನು ಉಳಿಸಿಕೊಂಡಿತು. ಆದರೆ ಬಾಗಿಲನ್ನು ಕಿರಿದುಮಾಡಿತು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಆ ಕಾಯದೆ ಅನ್ವಯಿಸುವದಿಲ್ಲ. ಬೆಲೆಗಳು ಏರಿದವು; ಈ ಅಂಕಿ ಏರಲಿಲ್ಲ. ಬೆಂಗಳೂರಿನಲ್ಲಿ ಇಂದು ಮೂರೂವರೆ ಸಾವಿರಕ್ಕೆ ಸಂಸಾರಸ್ಥನಿಗೆ ಮನೆ ಎಲ್ಲಿದೆ? ಅಂದ ಮೇಲೆ, ಛತ್ರಿಯಿದ್ದರೂ ಅದರಡಿಯಲ್ಲಿ ನಿಲ್ಲಲು ಸ್ಥಳವಿಲ್ಲ.

ಹೊರಗುಳಿದವನ ಗತಿಯೇನು? ಅವನಿಗೆ 1882ರ ಸ್ವತ್ತು ವರ್ಗಾವಣೆಯ ಕಾಯದೆಯೇ ಗತಿ. ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯ ಸಂಬಂಧವು ಹದಿನೈದು ದಿನಗಳ ನೋಟೀಸಿನಿಂದ ಮುಗಿಯುವದು, ಕಾರಣ ಹೇಳಬೇಕಿಲ್ಲ. ಕರಾರಾದರೂ ಹನ್ನೊಂದೇ ತಿಂಗಳದು. ಒಂದು ವರ್ಷ ಮೀರಿದರೆ 1908ರ ಕಾಯದೆಯಂತೆ ನೋಂದಣಿ ಆಗಬೇಕೆಂಬುದೇ ಇದರ ಗುಟ್ಟು.

ಮಾಲಕರ ಮಾತನ್ನೂ ಕೇಳದಿರುವದು ನ್ಯಾಯವಲ್ಲ. ಪಿಂಚಣಿಯ ಮುದುಕರು, ವಿಧವೆಯರು ಬಾಡಿಗೆಯ ಮೇಲೆಯೇ ಜೀವಿಸುವದುಂಟು. ಮುಂಬಯಿಯಲ್ಲಿ ಬಾಡಿಗೆಯನ್ನು 1940ರ ಸೆಪ್ಟೆಂಬರದ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ ಹಳೆಯ ಕಟ್ಟಡಗಳು ದುರಸ್ತಿ ಕಾಣದೆ ಹಾಳಾದವು. ಆ ಕಟ್ಟು ಯುಕ್ತವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಹೇಳಿತು. ಬಾಡಿಗೆಯನ್ನು ಕಟ್ಟಿಹಾಕುವದು ಒಂದು ವಿಷಯ, ಕಾರಣವಿಲ್ಲದೆ ಎಬ್ಬಿಸಬಾರದೆನ್ನುವದು ಇನ್ನೊಂದು. ಮೊದಲನೆಯದರ ದೋಷಕ್ಕಾಗಿ ಎರಡನೆಯದನ್ನೂ ಬಹುಪಾಲು ಬಾಡಿಗೆದಾರರಿಂದ ಕಿತ್ತುಕೊಂಡದ್ದೇ ನಮ್ಮ ತಕರಾರು.

ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಕೇಂದ್ರ ಸರಕಾರದ ತಜ್ಞ ಮಂಡಲಿ 2012ರಲ್ಲಿ ಲೆಕ್ಕ ಹಾಕಿತು. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಬಡವರದೂ ಅಲ್ಪ ಆದಾಯದವರದೂ. ಆದರೆ 2011ರ ಜನಗಣತಿಯಲ್ಲಿ ನಗರಗಳಲ್ಲೇ ಸುಮಾರು 1 ಕೋಟಿ 11 ಲಕ್ಷ ಮನೆಗಳು ಖಾಲಿ ಇದ್ದವು! ಬಂದವನು ಹೋಗನೆಂಬ ಭಯದಿಂದ ಮಾಲಕನು ಬೀಗ ಹಾಕುವದೂ ಇದಕ್ಕೊಂದು ಕಾರಣ. ಇಬ್ಬರ ಭಯಕ್ಕೂ ಮದ್ದು ಒಂದೇ: ಶೀಘ್ರವಾಗಿ ತೀರ್ಪು ಕೊಡುವ ನ್ಯಾಯಾಸ್ಥಾನ.

2021ರ ಕೇಂದ್ರದ ಮಾದರಿ ಕಾಯದೆಯು ಬಾಡಿಗೆ ನ್ಯಾಯಾಲಯಗಳನ್ನು ಸೂಚಿಸಿ, ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವದು ರೂಢಿಯಾಗಿದ್ದುದನ್ನು ಬಲ್ಲವರಿಗೆ ಇದು ಸಮಾಧಾನದ ಮಾತು. ಆದರೆ ರಾಜ್ಯವು ಶಾಸನ ಮಾಡುವವರೆಗೆ ಮಾದರಿಯು ಮಾದರಿಯೇ. ಅಲ್ಲದೆ ಕರಾರಿನ ಅವಧಿ ತೀರಿದ ಮೇಲೆ ಅದೂ ಬಾಡಿಗೆದಾರನನ್ನು ಕಾಯದು; ಹನ್ನೊಂದು ತಿಂಗಳ ಕರಾರಿನವನಿಗೆ ಅದರಿಂದ ಲಾಭ ಅಲ್ಪ.

ಆದುದರಿಂದ ಶಾಸನಸಭೆಯನ್ನು ನಾವು ಕೇಳುವದಿಷ್ಟು: ರೂಪಾಯಿಯ ಮಿತಿಯನ್ನು ತೆಗೆಯಲಿ, ಇಲ್ಲವೆ ಬೆಲೆಗಳೊಡನೆ ಏರುವಂತೆ ಮಾಡಲಿ; ಅವಧಿ ತೀರಿದರೂ ಕಾರಣ ಹೇಳಿ, ಮೂರು ತಿಂಗಳ ಅವಕಾಶ ಕೊಡುವ ನಿಯಮ ಬರಲಿ; ಬಾಕಿ ಉಳಿಸಿದವನ ವಿಷಯದಲ್ಲಿ ಮಾಲಕನಿಗೂ ಬೇಗನೆ ನ್ಯಾಯ ದೊರೆಯಲಿ; ಸರಕಾರವು ತಾನೇ ಬಾಡಿಗೆಯ ಮನೆಗಳನ್ನು ಕಟ್ಟಲಿ.

ಅಲ್ಲಿಯವರೆಗೆ ವಾಚಕರು ಒಂದನ್ನು ನೆನಪಿನಲ್ಲಿಡಲಿ. ನೋಟೀಸಿನ ಅವಧಿ ಮುಗಿದರೂ ಬೀಗ ಬದಲಿಸಿ ಸಾಮಾನು ಹೊರಗೆಸೆಯುವ ಅಧಿಕಾರ ಯಾರಿಗೂ ಇಲ್ಲ. ನೆಲೆಯಾಗಿ ವಾಸಿಸುತ್ತಿರುವವನನ್ನು ಕಾಯದೆಯ ಕ್ರಮದಿಂದಲ್ಲದೆ ಹೊರಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಎತ್ತಿಹಿಡಿದಿದೆ. ಬಲಾತ್ಕಾರದಿಂದ ಹೊರದೂಡಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯದೆಯ ಆರನೆಯ ಕಲಮಿನ ಮೇರೆಗೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಉಪಾಧ್ಯಾಯರು ಇದನ್ನು ತಮ್ಮ ಓಣಿಯ ಜನರಿಗೆ ತಿಳಿಸಿ ಹೇಳಲಿ. ಹೆದರಿ ರಾತ್ರೋರಾತ್ರಿ ಮನೆ ಬಿಡುವವರಲ್ಲಿ ಹಲವರು ಇದನ್ನರಿಯದೆಯೇ ಬಿಡುತ್ತಿದ್ದಾರೆ.