ತಾನಾಗಿಯೇ ಹೋಗುವ ಹಣ ಯಾರದು?

ಕಳೆದ ತಿಂಗಳು ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಒಬ್ಬ ಸದಸ್ಯೆ ಚೀಲದಿಂದ ಪಾಸ್‌ಬುಕ್ ತೆಗೆದು ನನ್ನ ಮುಂದಿಟ್ಟರು. "ಅಕ್ಕ, ಇದನ್ನ ಸ್ವಲ್ಪ ಓದಿ ಹೇಳಿ. ಬೀದಿಯವರಿಗೆಲ್ಲ ಗೃಹಲಕ್ಷ್ಮಿ ದುಡ್ಡು ಬಂದಿದೆ, ನನಗೊಬ್ಬಳಿಗೆ ಬಂದಿಲ್ಲ."

ಬಂದಿತ್ತು. ಎರಡು ಸಾವಿರ ರೂಪಾಯಿ ಜಮೆಯಾದದ್ದು ಪಾಸ್‌ಬುಕ್ಕಿನಲ್ಲಿ ಸ್ಪಷ್ಟವಾಗಿತ್ತು. ಅದೇ ದಿನ ಹಿಂದಿನ ತಿಂಗಳ ಯಾವುದೋ ದಂಡವೆಂದು ಬ್ಯಾಂಕ್ ಸ್ವಲ್ಪ ಹಿಡಿದುಕೊಂಡಿತ್ತು. ಎರಡು ದಿನ ಬಿಟ್ಟು ಉಳಿದದ್ದೂ ಹೋಗಿತ್ತು. ಆ ಸಾಲಿನ ಮುಂದೆ ಎ.ಸಿ.ಎಚ್. ಎಂಬ ಮೂರು ಅಕ್ಷರ, ಪಕ್ಕದಲ್ಲಿ ಒಂದು ಫೈನಾನ್ಸ್ ಕಂಪನಿಯ ಅರ್ಧ ಹೆಸರು. ಹಿಂದಿನ ಪುಟಗಳನ್ನು ತಿರುವಿದರೆ ಪ್ರತಿ ತಿಂಗಳೂ ಅದೇ ತಾರೀಖಿನ ಆಸುಪಾಸು ಅದೇ ಮೂರು ಅಕ್ಷರ. ಹೊಲಿಗೆಯಿಂದ ಬಂದ ಹಣವೂ ಹೀಗೆಯೇ ಹೋಗುತ್ತಿತ್ತು. ಆಕೆ ಮಾತ್ರ ಮಿಷನ್ನಿನ ಮುಂದೆ ಕೂತು ಬೆನ್ನು ಬಗ್ಗಿಸುತ್ತಲೇ ಇದ್ದರು.

ವಿಚಾರಿಸುತ್ತಾ ಹೋದಂತೆ ವಿಷಯ ಹೊರಬಂತು. ಮದುವೆಯಲ್ಲಿ ಗಂಡಿನ ಕಡೆಯವರು ಕೇಳಿದ್ದ ಗಾಡಿಯನ್ನು ತವರಿನವರಿಗೆ ಕೊಡಲಾಗಿರಲಿಲ್ಲ. ಆ ಮಾತು ಮನೆಯಲ್ಲಿ ಎರಡು ವರ್ಷ ನಡೆಯಿತು, ಏಟೂ ಬಿತ್ತು. ಆಮೇಲೆ ಗಂಡ ಸಾಲ ಮಾಡಿ ಗಾಡಿ ತಂದ. ಅಲ್ಲಿಗೆ ಜಗಳ ಮುಗಿಯಿತೆಂದು ಆಕೆ ನಿಟ್ಟುಸಿರು ಬಿಟ್ಟಿದ್ದರು. ಆ ಸಮಯದಲ್ಲೇ "ಕರೆಂಟು, ಫೋನು ಬಿಲ್ಲು ತಾನಾಗಿಯೇ ಕಟ್ಟಿಹೋಗುತ್ತೆ, ಸಹಿ ಹಾಕು" ಎಂದು ಎರಡು ಮೂರು ಕಾಗದಗಳಿಗೆ ಸಹಿ ಮಾಡಿಸಿಕೊಂಡಿದ್ದ. ಅವುಗಳಲ್ಲಿ ಒಂದು ಗಾಡಿಯ ಕಂತಿನದು. ಸಾಲದಲ್ಲಿ ಆಕೆಯೂ ಜೊತೆ ಸಾಲಗಾರಳು. ಹಿಂದೆ ವರದಕ್ಷಿಣೆಯನ್ನು ಅಪ್ಪ ಹೊಲ ಮಾರಿ ಒಂದೇ ಸಲ ಕೊಡುತ್ತಿದ್ದ. ಇಲ್ಲಿ ಮಗಳೇ ತಿಂಗಳು ತಿಂಗಳು ಕಂತಿನಲ್ಲಿ ಕಟ್ಟುತ್ತಿದ್ದಾಳೆ, ಕಟ್ಟುತ್ತಿದ್ದೇನೆಂಬ ಅರಿವೂ ಅವಳಿಗಿಲ್ಲ.

ಬ್ಯಾಂಕಿನಿಂದ ಬಿಲ್ಲು ತಾನಾಗಿಯೇ ಕಟ್ಟಿಹೋಗುವ ಈ ಏರ್ಪಾಡಿನ ಬಗ್ಗೆ ನಮ್ಮ ಗೆಳತಿಯರಲ್ಲೇ ಎರಡು ಅಭಿಪ್ರಾಯವಿದೆ. ಇದರಿಂದ ಹೆಂಗಸಿಗೆ ಬಿಡುಗಡೆ ಸಿಕ್ಕಿದೆ, ಬಿಲ್ಲಿನ ದುಡ್ಡಿಗಾಗಿ ತಿಂಗಳಿಗೊಮ್ಮೆ ಗಂಡನ ಮುಂದೆ ನಿಂತು ಕೇಳಿಸಿಕೊಳ್ಳುವುದು ತಪ್ಪಿದೆ ಎನ್ನುವವರಿದ್ದಾರೆ. ನಾನಿದನ್ನು ಅಲ್ಲಗಳೆಯುವುದಿಲ್ಲ. ಬಿಲ್ಲು ಕಟ್ಟಲು ಸಾಲಿನಲ್ಲಿ ನಿಲ್ಲಬೇಕಾಗಿದ್ದ ದಿನಗಳು ನನಗೆ ನೆನಪಿವೆ. (ಬಿಲ್ಲು ಕಟ್ಟಿ ಬರುತ್ತೇನೆಂದು ಹೋದ ಗಂಡಸರು ದುಡ್ಡನ್ನು ಬೇರೆಲ್ಲೋ ಕಟ್ಟಿ ಬರುತ್ತಿದ್ದದ್ದೂ ನೆನಪಿದೆ.) ಆದರೆ ಅನುಕೂಲ ಯಾರಿಗೆ ಎಂಬ ಪ್ರಶ್ನೆಯನ್ನು ನಾವು ಬಿಡುವ ಹಾಗಿಲ್ಲ. ಹಣ ಯಾರ ಖಾತೆಯಿಂದ ಹೋಗುತ್ತದೆ, ಅದರ ಸುದ್ದಿ ಯಾರ ಕೈಗೆ ಬರುತ್ತದೆ, ಅದನ್ನು ನಿಲ್ಲಿಸುವ ದಾರಿ ಯಾರಿಗೆ ಗೊತ್ತಿದೆ? ಈ ಮೂರಕ್ಕೂ ಉತ್ತರ ಒಬ್ಬಳೇ ಹೆಂಗಸಾಗಿದ್ದರೆ ಅದು ಅವಳಿಗೆ ಅನುಕೂಲ. ಹಣ ಅವಳದು, ಸುದ್ದಿ ಅವನಿಗೆ ಎಂದಾದರೆ ಅದಕ್ಕೆ ಬೇರೆ ಹೆಸರಿದೆ.

ಈ ಏರ್ಪಾಡು ನಡೆಯುವುದು ಹೀಗೆ. ಖಾತೆದಾರಳು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಇದಕ್ಕೆ ಬ್ಯಾಂಕಿನವರು ಮ್ಯಾಂಡೇಟ್ ಎನ್ನುತ್ತಾರೆ. ಹಿಂದೆ ಇದು ಇ.ಸಿ.ಎಸ್. ಎಂಬ ಹೆಸರಿನಲ್ಲಿ ನಡೆಯುತ್ತಿತ್ತು, ಈಗ ನ್ಯಾಚ್ ಎನ್ನುತ್ತಾರೆ, ಪಾಸ್‌ಬುಕ್ಕಿನ ಎ.ಸಿ.ಎಚ್. ಅದೇ. ಒಂದು ಸಲ ಒಪ್ಪಿಗೆ ಕೊಟ್ಟರೆ ಬಿಲ್ಲಿನ ಕಂಪನಿ ಗೊತ್ತಾದ ದಿನ ನಿಮ್ಮ ಬ್ಯಾಂಕಿಗೆ ಬೇಡಿಕೆ ಕಳಿಸುತ್ತದೆ, ಬ್ಯಾಂಕ್ ಹಣ ಕೊಡುತ್ತದೆ. ಪ್ರತಿ ಸಲ ನಿಮ್ಮನ್ನು ಕೇಳುವುದಿಲ್ಲ. ಆದ್ದರಿಂದ ಆ ಒಂದು ಕಾಗದವೇ ಮುಖ್ಯ. ಅದರಲ್ಲಿ ಹಣ ಪಡೆಯುವ ಕಂಪನಿಯ ಹೆಸರು, ನಿಮ್ಮ ಖಾತೆಯ ಸಂಖ್ಯೆ, ಮೊತ್ತ, ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಎಂಬುದು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು, ಇವೆಲ್ಲಕ್ಕೂ ಜಾಗವಿರುತ್ತದೆ. ಮೊತ್ತದ ಹತ್ತಿರ ಎರಡು ಆಯ್ಕೆಗಳಿರುತ್ತವೆ: ನಿಗದಿತ ಮೊತ್ತ ಅಥವಾ ಗರಿಷ್ಠ ಮೊತ್ತ. ಸಾಲದ ಕಂತು ಪ್ರತಿ ತಿಂಗಳೂ ಒಂದೇ. ಕರೆಂಟು ಬಿಲ್ಲು ಹಾಗಲ್ಲ, ಅದಕ್ಕೆ ಗರಿಷ್ಠ ಮಿತಿ ಹಾಕುತ್ತಾರೆ. ಆ ಮಿತಿಯ ಜಾಗದಲ್ಲಿ ಐನೂರು ಎಂದು ಬರೆಯುವುದಕ್ಕೂ ಐದು ಸಾವಿರ ಎಂದು ಬರೆಯುವುದಕ್ಕೂ ಎಷ್ಟು ವ್ಯತ್ಯಾಸವೆಂದು ನಿಮಗೆ ಹೇಳಬೇಕಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್ಲು ಬಂತು. ಆದರೆ ಆ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಸೊನ್ನೆಯೇ ಬರುತ್ತದೆಂದು ಮಿತಿ ನೋಡದೆ ಬಿಟ್ಟಿದ್ದರೆ ಅದೂ ತಾನಾಗಿಯೇ ಹೋಗುತ್ತದೆ.

ಖಾಲಿ ಜಾಗಗಳನ್ನು ತುಂಬಿಸದೆ ಸಹಿ ಹಾಕಬಾರದು. ನಮ್ಮ ಗೆಳತಿ ಸಹಿ ಹಾಕಿದಾಗ ಕಾಗದದಲ್ಲಿ ಅಚ್ಚಾದ ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲವಂತೆ.

ಇನ್ನೊಂದು ದಾರಿ ಫೋನಿನದು. ಯು.ಪಿ.ಐ. ಆಟೋಪೇ ಎಂಬುದು 2020ರಲ್ಲಿ ಬಂತು. ಫೋನ್ ರೀಚಾರ್ಜು, ಟಿ.ವಿ. ಡಿಶ್ಶು ಇಂಥವಕ್ಕೆ ಮೊದಲ ಸಲ ಗುಪ್ತ ಸಂಖ್ಯೆ ಒತ್ತಿ ಒಪ್ಪಿದರೆ ಮುಂದಿನ ತಿಂಗಳುಗಳಲ್ಲಿ ಒಂದು ಮಿತಿಯವರೆಗೆ ಮತ್ತೆ ಒತ್ತಬೇಕಿಲ್ಲ. ಸಾಮಾನ್ಯ ಬಿಲ್ಲುಗಳಿಗೆ ಆ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ 15,000 ರೂಪಾಯಿಗೆ ಏರಿಸಿತು. ಫೋನು ಮತ್ತು ಕಾರ್ಡಿನ ಇಂಥ ಪಾವತಿಗಳಿಗೆ ಒಂದು ಒಳ್ಳೆಯ ನಿಯಮವೂ ಇದೆ: ಹಣ ಹೋಗುವ 24 ಗಂಟೆಗೆ ಮೊದಲೇ ಖಾತೆದಾರರಿಗೆ ತಿಳಿಸಬೇಕು, ಬೇಡವೆಂದರೆ ತಡೆಯಲು ದಾರಿ ಇರಬೇಕು. ಒಳ್ಳೆಯ ನಿಯಮವೇ. ಆದರೆ ತಿಳಿಸುವುದು ಯಾರಿಗೆ? ಖಾತೆಗೆ ಜೋಡಿಸಿದ ಫೋನ್ ನಂಬರಿಗೆ. ನಮ್ಮ ಸಂಘದಲ್ಲೇ ಕೈ ಎತ್ತಿಸಿ ನೋಡಿದೆವು. ಅರ್ಧಕ್ಕಿಂತ ಹೆಚ್ಚು ಮಂದಿಯ ಖಾತೆಗೆ ಗಂಡನದೋ ಮಗನದೋ ನಂಬರಿದೆ. ಖಾತೆ ತೆರೆಯುವಾಗ ಅವರ ಕೈಯಲ್ಲಿ ಫೋನ್ ಇರಲಿಲ್ಲ, ಇದ್ದ ನಂಬರ್ ಕೊಟ್ಟರು, ಅಷ್ಟೇ. ಬ್ಯಾಂಕ್ ತನ್ನ ಕರ್ತವ್ಯ ಮಾಡಿದೆ, ಸುದ್ದಿ ಕಳಿಸಿದೆ. ಅದು ಅವನ ಜೇಬಿನಲ್ಲಿ ಸದ್ದು ಮಾಡಿ ಸುಮ್ಮನಾಗಿದೆ.

ಖಾತೆಯಲ್ಲಿ ಹಣವಿಲ್ಲದಿದ್ದರೆ ಬೇಡಿಕೆ ಚೆಕ್ಕಿನ ಹಾಗೆಯೇ ವಾಪಸಾಗುತ್ತದೆ. ಬ್ಯಾಂಕ್ ಅದಕ್ಕೆ ಶುಲ್ಕ ಹಾಕುತ್ತದೆ, ಶುಲ್ಕದ ಮೇಲೆ ಜಿ.ಎಸ್.ಟಿ., ಅತ್ತ ಕಂಪನಿಯೂ ತಡವಾದದ್ದಕ್ಕೆ ದಂಡ ಹಾಕುತ್ತದೆ. ಖಾತೆ ಖಾಲಿಯಿದ್ದರೆ ಆ ಶುಲ್ಕ ಕಾದು ಕೂತಿದ್ದು, ಮುಂದೆ ಹಣ ಬಂದೊಡನೆ ಕತ್ತರಿಸಿಕೊಳ್ಳುತ್ತದೆ. ಗೃಹಲಕ್ಷ್ಮಿ ಬಂದ ದಿನವೇ ಹಣ ಕಡಿಮೆಯಾದದ್ದು ಹೀಗೆ. "ಹಾಗಾದ್ರೆ ದುಡ್ಡೇ ಇಡದೆ ಖಾಲಿ ಬಿಟ್ರಾಯ್ತು" ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಬೇಡ. ದಂಡ ಬೆಳೆಯುತ್ತದೆ. ಅದಲ್ಲದೆ ಹಣವಿಲ್ಲದೆ ಇಂಥ ಪಾವತಿ ವಾಪಸಾದರೆ ಚೆಕ್ ಬೌನ್ಸಿನಂತೆಯೇ ಮೊಕದ್ದಮೆ ಹೂಡಲು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆಯ 25ನೇ ಕಲಮಿನಲ್ಲಿ ಅವಕಾಶವಿದೆ. ಮೊದಲು ನೋಟಿಸ್ ಕೊಡಬೇಕು, ಕಟ್ಟಲು ಕಾಲಾವಕಾಶ ಕೊಡಬೇಕು, ನಾಳೆಯೇ ಯಾರೂ ಬಂದು ಹಿಡಿದುಕೊಂಡು ಹೋಗುವುದಿಲ್ಲ. ಆದರೂ ಸುಮ್ಮನೆ ಕೂರುವುದಕ್ಕಿಂತ ಬರೆದುಕೊಟ್ಟು ನಿಲ್ಲಿಸುವುದು ಮೇಲು.

ನಿಲ್ಲಿಸುವುದು ಕಷ್ಟವಲ್ಲ. ಚೆಕ್ಕಿಗೆ ಹಣ ಕೊಡಬೇಡಿ ಎಂದು ಬರೆದುಕೊಡುವ ಹಾಗೆ, ಈ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆಂದು ನಿಮ್ಮ ಬ್ಯಾಂಕಿಗೆ ಅರ್ಜಿ ಕೊಡಬಹುದು. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ, ಕಂಪನಿಗೂ ಒಂದು ಪ್ರತಿ ಕಳಿಸಿ. ಕಂಪನಿಯಿಂದ ಒಪ್ಪಿಗೆ ತನ್ನಿ ಎಂದು ಕೌಂಟರಿನಲ್ಲಿ ಹೇಳಿದರೆ ನಂಬಬೇಡಿ. ಖಾತೆ ನಿಮ್ಮದು. ಫೋನಿನದಾದರೆ ಅದೇ ಆ್ಯಪಿನ ಆಟೋಪೇ ಪಟ್ಟಿಯಲ್ಲಿ ರದ್ದು ಮಾಡಬಹುದು. ಬ್ಯಾಂಕ್ ಕೇಳದಿದ್ದರೆ ಲಿಖಿತ ದೂರು ಕೊಟ್ಟು 30 ದಿನ ಕಾದು ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು, ಖರ್ಚಿಲ್ಲ. ಒಂದು ಎಚ್ಚರಿಕೆ: ಒಪ್ಪಿಗೆ ರದ್ದಾದರೆ ಸಾಲ ರದ್ದಾಗುವುದಿಲ್ಲ. ನಮ್ಮ ಗೆಳತಿ ಜೊತೆ ಸಾಲಗಾರಳಾದ್ದರಿಂದ ಕಂಪನಿಯವರು ಆಕೆಯ ಮನೆ ಬಾಗಿಲಿಗೆ ಬಂದೇ ಬರುತ್ತಾರೆ. ಈ ತೊಡಕನ್ನು ನಾನು ಮುಚ್ಚಿಡಲಾರೆ.

ಹಾಗೆಂದು ಇದು ಬರೀ ಬ್ಯಾಂಕಿನ ತಕರಾರಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರದು. ಮದುವೆಯ ಮುಂಚೆ, ಮದುವೆಯಲ್ಲಿ ಮಾತ್ರವಲ್ಲ, ಆಮೇಲೆ ಯಾವಾಗ ಕೇಳಿದರೂ, ಮದುವೆಯ ಸಂಬಂಧವಾಗಿ ಕೇಳಿದ್ದಾದರೆ ಅದು ವರದಕ್ಷಿಣೆಯೇ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೊಡೆತ ಬೈಗುಳಗಳ ಜೊತೆಗೆ ಆರ್ಥಿಕ ದೌರ್ಜನ್ಯವನ್ನೂ ಹೆಸರಿಸಿದೆ. ಹೆಂಗಸಿಗೆ ಹಕ್ಕಿರುವ ಹಣವನ್ನು ಅವಳಿಂದ ತಪ್ಪಿಸುವುದು, ಮನೆಯ ಅಗತ್ಯಗಳಿಗೆ ಕೊಡದಿರುವುದು, ಸ್ತ್ರೀಧನವನ್ನು ಕಸಿಯುವುದು ಎಲ್ಲ ಅದರಲ್ಲಿ ಸೇರಿದೆ. ಮ್ಯಾಜಿಸ್ಟ್ರೇಟರು ಗಂಡನ ಬ್ಯಾಂಕ್ ಖಾತೆಯನ್ನು, ಜಂಟಿ ಖಾತೆಯನ್ನು ಅವನು ಮುಟ್ಟದಂತೆ ತಡೆಯಬಹುದು, ಪರಿಹಾರ ಕೊಡಿಸಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ಅಂಗನವಾಡಿ ಟೀಚರನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಅಲ್ಲಿಗೆ ಹೋಗುವಾಗ ಪಾಸ್‌ಬುಕ್ ತೆಗೆದುಕೊಂಡು ಹೋಗಿ. "ಮನೆ ನಡೆಸುವವನು ನಾನೇ" ಎಂದು ಗಂಡ ನ್ಯಾಯಾಲಯದಲ್ಲಿ ಹೇಳುವುದನ್ನು ನಾವು ಎಷ್ಟು ಸಲ ಕೇಳಿಲ್ಲ! ಹೆಂಡತಿ ಕೈಯಲ್ಲಿ ಕೊಟ್ಟ ನೋಟಿಗೆ ಸಾಕ್ಷಿಯಿಲ್ಲ. ಅವಳ ಖಾತೆಯಿಂದ ಹೋದ ಪ್ರತಿ ಬಿಲ್ಲಿಗೆ, ಪ್ರತಿ ಕಂತಿಗೆ ತಾರೀಖಿನ ಸಮೇತ ಸಾಕ್ಷಿಯಿದೆ. ಈ ಏರ್ಪಾಡಿನ ಬಗ್ಗೆ ನನಗೆ ಮೆಚ್ಚುಗೆಯಾದ ಸಂಗತಿ ಇದೊಂದೇ.

ಬ್ಯಾಂಕಿನವರಿಗೂ ಒಂದು ಮಾತು. ಹೆಂಗಸಿನ ಖಾತೆಯಿಂದ ತಿಂಗಳು ತಿಂಗಳು ಹಣ ಹೋಗುವ ಒಪ್ಪಿಗೆ ಬಂದಾಗ ಅದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಲು ಐದು ನಿಮಿಷ ಸಾಕು. ಜೊತೆಯಲ್ಲಿ ಬಂದ ಗಂಡಸು ತಲೆಯಾಡಿಸಿದರೆ ಅದು ಅವಳ ಒಪ್ಪಿಗೆಯಲ್ಲ.

ಕಳೆದ ವಾರ ನಾವಿಬ್ಬರು ಆಕೆಯೊಂದಿಗೆ ಬ್ಯಾಂಕಿಗೆ ಹೋಗಿದ್ದೆವು. ಸಂಘದ ಗೆಳತಿಯೊಬ್ಬರು ತಮ್ಮ ಹಳೆಯ ಫೋನನ್ನು ಕೊಟ್ಟಿದ್ದರು, ಹೊಸ ನಂಬರನ್ನು ಖಾತೆಗೆ ಜೋಡಿಸಲು ಅರ್ಜಿ ಕೊಟ್ಟೆವು. ಸಹಿ ಮಾಡಿದ ಒಪ್ಪಿಗೆ ಪತ್ರದ ನಕಲು ಕೇಳಿದ್ದಕ್ಕೆ "ಅಮ್ಮ, ನಿಮ್ಮ ಯಜಮಾನ್ರನ್ನ ಕಳ್ಸಿ" ಎಂದರು. "ಖಾತೆ ನನ್ನದು ಸಾರ್, ನಾನೇ ಬಂದಿದೀನಲ್ಲ" ಎಂದು ಆಕೆ ಅಲ್ಲೇ ಬೆಂಚಿನ ಮೇಲೆ ಕೂತರು. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಅರ್ಜಿಗೆ ಸೀಲು ಬಿತ್ತು. ನಕಲಿಗಾಗಿ ಮುಂದಿನ ಗುರುವಾರ ಮತ್ತೆ ಹೋಗುವುದಿದೆ. ಈ ಸಲ ಸಂಘದಿಂದ ಎಂಟು ಜನ ಬರುತ್ತೇವೆಂದಿದ್ದಾರೆ, ಎಲ್ಲರೂ ತಂತಮ್ಮ ಪಾಸ್‌ಬುಕ್ಕನ್ನೂ ತರುತ್ತಾರಂತೆ.